ಬೆಟ್ಟದ ನೆತ್ತಿಯ ಮೇಲೆ ಬಾಲಚುಕ್ಕಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಧೂಮಕೇತುವನ್ನು ನೆಲದ ದೃಶ್ಯದೊಂದಿಗೆ ಒಂದೇ ಚೌಕಟ್ಟಿನಲ್ಲಿ ಸೆರೆಹಿಡಿಯುವ ಕುರಿತು ಈ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಕ್ಯಾಮೆರಾದ ಬಗ್ಗೆ ಕೇಳುತ್ತವೆ. ಆದರೆ ಎಲ್ಲಿ ನಿಲ್ಲಬೇಕು, ಯಾವ ಹೊತ್ತಿನಲ್ಲಿ ನಿಲ್ಲಬೇಕು ಎಂಬ ವಿಷಯಕ್ಕೇ ನಾನು ಉತ್ತರಗಳಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ. ಇಂಥ ಚಿತ್ರದ ಮುಕ್ಕಾಲು ಪಾಲು ಅಲ್ಲಿಯೇ ತೀರ್ಮಾನವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಪತ್ರಿಕೆಗಳಲ್ಲಿ ಬರುವ ಚಿತ್ರಗಳಲ್ಲಿ ಬೆಟ್ಟದ ಮೇಲೆ ಧೂಮಕೇತುವಿನ ಬಾಲ ಭವ್ಯವಾಗಿ ಹರಡಿಕೊಂಡಿರುತ್ತದೆ. ನಾನು ತೆಗೆದ ಚಿತ್ರದಲ್ಲಿ ಅದು ಉಗುರಿನ ಗೀಚಿನಷ್ಟೇ ಕಾಣುತ್ತದೆ. ನನ್ನಲ್ಲಿರುವುದು ಎಪಿಎಸ್‌-ಸಿ ಎಂಬ ಚಿಕ್ಕ ಅಳತೆಯ ಸಂವೇದಕದ ಕ್ಯಾಮೆರಾ ಮತ್ತು ಅದರ ಜೊತೆಗೆ ಬಂದ 18-55 ಮಿ.ಮೀ. ಲೆನ್ಸ್. ಕ್ಯಾಮೆರಾ ಬದಲಾಯಿಸಬೇಕೇ?

ಉತ್ತರ: ಬದಲಾಯಿಸಬೇಕಾಗಿಲ್ಲ. ಆಕಾಶದಲ್ಲಿ ಬಾಲ ಎಷ್ಟು ಡಿಗ್ರಿ ಉದ್ದವಾಗಿ ಕಾಣುತ್ತದೆ, ನಿಮ್ಮ ಲೆನ್ಸ್ ಎಷ್ಟು ಡಿಗ್ರಿ ಆಕಾಶವನ್ನು ನೋಡುತ್ತದೆ ಎಂಬ ಎರಡು ಅಳತೆಗಳನ್ನು ಮೊದಲು ಹೊಂದಿಸಿಕೊಳ್ಳಿ. ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಕಟ್ಟಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ. ನಿಮ್ಮ ಲೆನ್ಸನ್ನು 18 ಮಿ.ಮೀ.ಗೆ ಇಟ್ಟಾಗ ಚೌಕಟ್ಟಿನ ಉದ್ದನೆಯ ಬದಿಯಲ್ಲಿ ಸುಮಾರು 66 ಡಿಗ್ರಿ ಆಕಾಶ ತುಂಬಿಕೊಳ್ಳುತ್ತದೆ. 8 ಡಿಗ್ರಿ ಉದ್ದದ ಬಾಲ ಅದರಲ್ಲಿ ಎಂಟನೆಯ ಒಂದು ಪಾಲಿಗೆ ಇಳಿದು ಗೀಚಿನಂತಾಗುವುದು ಸಹಜ. ಅದೇ ಲೆನ್ಸನ್ನು 55 ಮಿ.ಮೀ.ಗೆ ತಿರುಗಿಸಿದರೆ 24 ಡಿಗ್ರಿ ಮಾತ್ರ ಕಾಣುವುದರಿಂದ, ಅದೇ ಬಾಲ ಚೌಕಟ್ಟಿನ ಮೂರನೆಯ ಒಂದು ಪಾಲನ್ನು ಆಕ್ರಮಿಸುತ್ತದೆ. ಕ್ಷೀರಪಥವನ್ನು ತೆಗೆಯುವ ಅಭ್ಯಾಸವಿರುವವರು ಧೂಮಕೇತುವಿಗೂ ವೈಡ್ ಲೆನ್ಸನ್ನೇ ಹಾಕಿಕೊಂಡು ಹೊರಡುವುದುಂಟು. ಬರಿಗಣ್ಣಿಗೆ ಕಾಣುವ ಬಹುಪಾಲು ಧೂಮಕೇತುಗಳಿಗೆ ಫುಲ್‌ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸಂವೇದಕದ) ಲೆಕ್ಕದಲ್ಲಿ 50ರಿಂದ 135 ಮಿ.ಮೀ. ವರೆಗಿನ ಲೆನ್ಸೇ ಒಪ್ಪುತ್ತದೆ.

ಆದರೆ ಲೆನ್ಸನ್ನು ಹಿಗ್ಗಿಸಿದ ಕೂಡಲೇ ಮುನ್ನೆಲೆಯ ಲೆಕ್ಕವೂ ಬದಲಾಗುತ್ತದೆ. ನಾವು ಎಲ್ಲಿ ನಿಂತರೂ ಧೂಮಕೇತುವಿನ ಗಾತ್ರ ಬದಲಾಗುವುದಿಲ್ಲ. ಮರ, ಗೋಪುರ, ಬೆಟ್ಟಗಳ ಗಾತ್ರ ಬದಲಾಗುತ್ತದೆ. ನೆನಪಿಡಲು ಸುಲಭವಾದ ಲೆಕ್ಕವೊಂದಿದೆ: ಯಾವುದೇ ವಸ್ತುವನ್ನು ಅದರ ಎತ್ತರದ ಹತ್ತು ಪಟ್ಟು ದೂರದಿಂದ ನೋಡಿದರೆ ಅದು ಸುಮಾರು 6 ಡಿಗ್ರಿ ಎತ್ತರವಾಗಿ ಕಾಣುತ್ತದೆ, ಐದು ಪಟ್ಟು ದೂರದಿಂದ ಸುಮಾರು 11 ಡಿಗ್ರಿ. 20 ಮೀಟರ್ ಎತ್ತರದ ಮರವನ್ನು 200 ಮೀಟರ್ ಹಿಂದಿನಿಂದ ತೆಗೆದರೆ ಮರಕ್ಕೆ 6 ಡಿಗ್ರಿ, ಅದರ ಪಕ್ಕದಲ್ಲಿ ಬಾಲಕ್ಕೆ 8 ಡಿಗ್ರಿ ಬಂದು ಎರಡೂ ಒಂದಕ್ಕೊಂದು ಸರಿಸಾಟಿಯಾಗಿ ನಿಲ್ಲುತ್ತವೆ. ಅದೇ ಮರದಿಂದ 30 ಮೀಟರ್ ದೂರದಲ್ಲಿ ನಿಂತರೆ ಮರವೇ 30 ಡಿಗ್ರಿ ಮೀರಿ ಚೌಕಟ್ಟನ್ನೆಲ್ಲ ನುಂಗಿಬಿಡುತ್ತದೆ.

ಬೆಟ್ಟದ ವಿಷಯದಲ್ಲಿ ಈ ಲೆಕ್ಕ ಇನ್ನಷ್ಟು ಮುಖ್ಯ. ನೀವು ನಿಂತ ನೆಲಕ್ಕಿಂತ 300 ಮೀಟರ್ ಎತ್ತರದ ಬೆಟ್ಟವು 1 ಕಿ.ಮೀ. ದೂರದಿಂದ ಸುಮಾರು 17 ಡಿಗ್ರಿ ಎತ್ತರಕ್ಕೆ ಏರಿರುತ್ತದೆ, 3 ಕಿ.ಮೀ. ದೂರದಿಂದ ಸುಮಾರು 6 ಡಿಗ್ರಿಗೆ ಇಳಿಯುತ್ತದೆ. ಆ ಸಂಜೆ ಧೂಮಕೇತು 10 ಡಿಗ್ರಿ ಎತ್ತರದಲ್ಲಿದ್ದರೆ ಮೊದಲ ಜಾಗದಲ್ಲಿ ನಿಂತವರಿಗೆ ಅದು ಕಾಣುವುದೇ ಇಲ್ಲ, ಎರಡನೆಯ ಜಾಗದಲ್ಲಿ ನಿಂತವರಿಗೆ ಬೆಟ್ಟದ ನೆತ್ತಿಯಿಂದ ನಾಲ್ಕು ಬೆರಳು ಮೇಲೆ ಕಾಣುತ್ತದೆ. ಆದ್ದರಿಂದ ಹಗಲಿನಲ್ಲಿಯೇ ಜಾಗಕ್ಕೆ ಹೋಗಿ ಮುಷ್ಟಿಯಿಂದ ಅಳೆದು ನೋಡಿ. ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ತಂತ್ರಾಂಶಕ್ಕೆ ಧೂಮಕೇತುವಿನ ಕಕ್ಷೆಯ ವಿವರಗಳನ್ನು ಸೇರಿಸಿಕೊಂಡರೆ ಯಾವ ನಿಮಿಷಕ್ಕೆ ಯಾವ ದಿಕ್ಕಿನಲ್ಲಿ ಎಷ್ಟು ಎತ್ತರದಲ್ಲಿ ಇರುತ್ತದೆ ಎಂಬುದನ್ನು ಮೊದಲೇ ತಿಳಿಯಬಹುದು.

ನಿಮ್ಮ ಲೆನ್ಸಿಗೆ ನಿಜವಾದ ಮಿತಿಯೊಂದಿದೆ. 55 ಮಿ.ಮೀ.ನಲ್ಲಿ ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ (ಎಫ್ ಅಂಕಿ ಚಿಕ್ಕದಾದಷ್ಟೂ ಅದು ದೊಡ್ಡದು), ಎಫ್‌/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಸಾಮಾನ್ಯ 50 ಮಿ.ಮೀ. ಎಫ್‌/1.8 ಲೆನ್ಸೊಂದನ್ನು ಕೊಳ್ಳಿ, ಹಳೆಯದಾದರೂ ಸಾಕು. ಅದು ಸಂವೇದಕಕ್ಕೆ ಸುಮಾರು ಹತ್ತು ಪಟ್ಟು ಬೆಳಕು ತಲುಪಿಸುತ್ತದೆ. 1858ರಲ್ಲಿ ಡೊನಾಟಿ ಧೂಮಕೇತುವನ್ನು ಮೊಟ್ಟಮೊದಲಿಗೆ ಛಾಯಾಚಿತ್ರದಲ್ಲಿ ಹಿಡಿದ ವಿಲಿಯಂ ಅಶರ್‌ವುಡ್ ಕೂಡ ದೊಡ್ಡ ದೂರದರ್ಶಕವನ್ನು ಬಳಸಲಿಲ್ಲ. ಭಾವಚಿತ್ರಗಳಿಗೆಂದು ತಯಾರಾದ, ಅಗಲವಾಗಿ ತೆರೆಯುವ ಲೆನ್ಸಿನಿಂದ ಆತ ಕೆಲವೇ ಸೆಕೆಂಡುಗಳಲ್ಲಿ ಚಿತ್ರ ತೆಗೆದ.

ಪ್ರಶ್ನೆ: ಸೂರ್ಯಾಸ್ತವಾದ ಎಷ್ಟು ಹೊತ್ತಿನ ನಂತರ ಚಿತ್ರ ತೆಗೆಯಬೇಕು? ಪೂರ್ತಿ ಕತ್ತಲಾಗುವವರೆಗೆ ಕಾದರೆ ಧೂಮಕೇತು ಮುಳುಗಿಬಿಡುತ್ತದೆ, ಬೇಗ ತೆಗೆದರೆ ಆಕಾಶವೇ ಬೆಳ್ಳಗಿರುತ್ತದೆ.

ಉತ್ತರ: ಪ್ರಕಾಶಮಾನವಾದ ಧೂಮಕೇತುಗಳು ಸಾಮಾನ್ಯವಾಗಿ ಸೂರ್ಯನಿಗೆ ಸಮೀಪವಿರುವಾಗಲೇ ಉಜ್ವಲವಾಗುವುದರಿಂದ ಈ ಇಕ್ಕಟ್ಟು ಅವುಗಳ ಸ್ವಭಾವದಲ್ಲಿಯೇ ಇದೆ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿದಾಗ ಸಂಜೆಯ ಮೊದಲ ಹಂತ ಮುಗಿಯುತ್ತದೆ, 12 ಡಿಗ್ರಿಗೆ ಎರಡನೆಯ ಹಂತ, 18 ಡಿಗ್ರಿಗೆ ಪೂರ್ಣ ಕತ್ತಲೆ. ಸಮಭಾಜಕದ ಹತ್ತಿರದ ಪ್ರದೇಶಗಳಲ್ಲಿ ಸೂರ್ಯ ನೇರವಾಗಿ ಇಳಿಯುವುದರಿಂದ 12 ಡಿಗ್ರಿ ತಲುಪಲು ಸುಮಾರು 50 ನಿಮಿಷ ಸಾಕು. ಧ್ರುವಗಳ ಕಡೆಗೆ ಹೋದಂತೆ ಆತ ಓರೆಯಾಗಿ ಇಳಿಯುತ್ತಾನೆ, ಸಂಜೆ ಬಹಳ ಹೊತ್ತು ಉಳಿಯುತ್ತದೆ.

ನನ್ನ ಆಯ್ಕೆ 9ರಿಂದ 13 ಡಿಗ್ರಿಗಳ ನಡುವಿನ ಹೊತ್ತು. ಆಗ ಮುನ್ನೆಲೆಯ ಬಂಡೆ, ನೀರು, ಹುಲ್ಲುಗಳಲ್ಲಿ ಆಕಾಶದ ನೀಲಿ ಬೆಳಕಿನ ಅಂಶ ಇನ್ನೂ ಉಳಿದಿರುತ್ತದೆ. ಧೂಮಕೇತುವಿನ ತಲೆ ಮತ್ತು ಬಾಲದ ಗಟ್ಟಿಯಾದ ಭಾಗ ಹೊರಬಂದಿರುತ್ತದೆ. ಒಂದೇ ಎಕ್ಸ್‌ಪೋಶರ್‌ನಲ್ಲಿ ನೆಲ, ಆಕಾಶ ಎರಡನ್ನೂ ಹಿಡಿಯಲು ಸಾಧ್ಯವಾಗುವುದು ಆಗ ಮಾತ್ರ. ಪೂರ್ಣ ಕತ್ತಲೆಯಲ್ಲಿ ಬಾಲ ಇನ್ನೂ ಉದ್ದವಾಗಿ ಕಾಣುವುದು ನಿಜವಾದರೂ ನೆಲ ಕಪ್ಪು ಆಕೃತಿಯಾಗಿ ಮಾತ್ರ ಉಳಿಯುತ್ತದೆ. ಮರದ ರೆಂಬೆಗಳಂತೆ ಅಂಚೇ ಚೆಲುವಾಗಿರುವ ವಸ್ತುವಿಗೆ ಅದು ಒಪ್ಪುತ್ತದೆ, ಬಯಲಿಗೆ ಒಪ್ಪುವುದಿಲ್ಲ.

ದಿಗಂತಕ್ಕೆ ಸಮೀಪವಿರುವಾಗ ಇನ್ನೊಂದು ನಷ್ಟವಿದೆ. 5 ಡಿಗ್ರಿ ಎತ್ತರದಲ್ಲಿರುವ ಧೂಮಕೇತುವಿನ ಬೆಳಕು, ನೆತ್ತಿಯ ಮೇಲಿದ್ದಾಗ ಹಾದುಬರುವುದಕ್ಕಿಂತ ಸುಮಾರು ಹತ್ತು ಪಟ್ಟು ಗಾಳಿಯನ್ನು ತೂರಿ ಬರಬೇಕು. ಸ್ವಚ್ಛವಾದ ಹವೆಯಲ್ಲಿಯೂ ಅದರಿಂದ ಎರಡು ಕಾಂತಿಮಾನದಷ್ಟು (ಕಾಂತಿಮಾನ ಎಂದರೆ ಆಕಾಶಕಾಯಗಳ ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಹೊಳಪು ಕಡಿಮೆ) ಕಾಂತಿ ಇಳಿದುಹೋಗುತ್ತದೆ. ಧೂಳು, ಹೊಗೆ, ತೇವ ಇದ್ದರಂತೂ ಕೇಳುವುದೇ ಬೇಡ. ಮಳೆ ಬಂದು ಗಾಳಿ ತೊಳೆದ ಮರುದಿನದ ಸಂಜೆಯನ್ನು ಬಿಡಬೇಡಿ. ಧೂಮಕೇತುವಿಗೆ ಹೇಳುವ ಕಾಂತಿಮಾನವನ್ನು ನಕ್ಷತ್ರದ ಕಾಂತಿಮಾನದಂತೆ ಓದಲೂಬಾರದು. ಹರಡಿಕೊಂಡ ಬೆಳಕನ್ನೆಲ್ಲ ಒಂದೇ ಬಿಂದುವಿಗೆ ಕೂಡಿಸಿದರೆ ಎಷ್ಟಾಗುತ್ತದೆ ಎಂಬುದನ್ನು ಆ ಅಂಕಿ ಹೇಳುತ್ತದೆ, ಹಾಗಾಗಿ 3ನೆಯ ಕಾಂತಿಮಾನದ ಧೂಮಕೇತು ಅದೇ ಕಾಂತಿಮಾನದ ನಕ್ಷತ್ರಕ್ಕಿಂತ ಬಹಳ ಮಸುಕಾಗಿ ಕಾಣುತ್ತದೆ.

2024ರ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಈ ಲೆಕ್ಕಗಳಿಗೆಲ್ಲ ಒಳ್ಳೆಯ ಉದಾಹರಣೆ. ಸೆಪ್ಟೆಂಬರ್ 27ರಂದು ಸೂರ್ಯನಿಗೆ ಅತಿ ಸಮೀಪ ಬಂದ ಅದು ಅಕ್ಟೋಬರ್ 12ರಂದು ಭೂಮಿಗೆ ಸಮೀಪಿಸಿತು. ಅದಾದ ಮೇಲೆ ಪ್ರತಿ ಸಂಜೆಯೂ ಪಶ್ಚಿಮದಲ್ಲಿ ಮೇಲೆ ಮೇಲೆ ಕಾಣಿಸಿಕೊಳ್ಳುತ್ತಾ ಹೋಯಿತು, ಜೊತೆಗೆ ದಿನದಿನಕ್ಕೆ ಕಾಂತಿಯನ್ನೂ ಕಳೆದುಕೊಳ್ಳುತ್ತಾ ಹೋಯಿತು. ತೀರ ಉಜ್ವಲವಾಗಿದ್ದ ದಿನ ತೀರ ಕೆಳಗಿತ್ತು, ತಕ್ಕಷ್ಟು ಎತ್ತರಕ್ಕೆ ಬಂದ ದಿನಗಳಲ್ಲಿ ಚಂದ್ರ ಹುಣ್ಣಿಮೆಯತ್ತ ಬೆಳೆಯುತ್ತಿದ್ದ. ಚಂದ್ರನ ಬಗ್ಗೆ ಕೇಳಿದವರಿಗೂ ಇಲ್ಲಿಯೇ ಹೇಳುತ್ತೇನೆ: ಎಳೆಯ ಚಂದ್ರನ ಬೆಳಕು ನೆಲವನ್ನು ಹದವಾಗಿ ಬೆಳಗಿ ಉಪಕಾರ ಮಾಡುತ್ತದೆ, ಅರ್ಧಚಂದ್ರನಿಂದ ಮುಂದೆ ಅದೇ ಬೆಳಕು ಬಾಲವನ್ನು ಅಳಿಸತೊಡಗುತ್ತದೆ.

ಬೆಳಗಿನ ಜಾವ ಪೂರ್ವದಲ್ಲಿ ತೆಗೆಯುವವರು ಒಂದು ಎಚ್ಚರಿಕೆಯನ್ನು ಕಡ್ಡಾಯವಾಗಿ ಪಾಲಿಸಬೇಕು. ಸೂರ್ಯ ಮೂಡುವ ಮುನ್ನವೇ ಕ್ಯಾಮೆರಾವನ್ನು ಬೇರೆ ದಿಕ್ಕಿಗೆ ತಿರುಗಿಸಿಬಿಡಿ, ಟೆಲಿ ಲೆನ್ಸಿನ ಹಿಂದಿನ ಕಿಂಡಿಗೆ ಕಣ್ಣಿಟ್ಟು ಸೂರ್ಯನಿರುವ ಕಡೆ ಎಂದಿಗೂ ನೋಡಬೇಡಿ.

ಪ್ರಶ್ನೆ: ನಾನು ವಿಜ್ಞಾನ ವಿದ್ಯಾರ್ಥಿನಿ. ಧೂಮಕೇತುಗಳು ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಓಡುತ್ತವೆ. ಹಾಗಿರುವಾಗ ಶಟರನ್ನು ಐದು ಹತ್ತು ಸೆಕೆಂಡು ತೆರೆದಿಟ್ಟರೆ ಚಿತ್ರ ಗೆರೆಯಾಗುವುದಿಲ್ಲವೇ?

ಉತ್ತರ: ಗೆರೆಯಾಗುವುದು ನಿಜ, ಆದರೆ ಅದಕ್ಕೆ ಕಾರಣ ಧೂಮಕೇತುವಿನ ಓಟವಲ್ಲ, ಭೂಮಿಯ ಆವರ್ತನೆ. ಧೂಮಕೇತು ಕೋಟಿಗಟ್ಟಲೆ ಕಿಲೋಮೀಟರ್ ದೂರದಲ್ಲಿರುವುದರಿಂದ, ಭೂಮಿಗೆ ಸಮೀಪವಿದ್ದಾಗಲೂ ನಕ್ಷತ್ರಗಳ ನಡುವೆ ಅದು ದಿನಕ್ಕೆ ಕೆಲವು ಡಿಗ್ರಿ ಮಾತ್ರ ಸರಿಯುತ್ತದೆ. ದಿನಕ್ಕೆ 4 ಡಿಗ್ರಿ ಎಂದು ಹಿಡಿದರೆ ಒಂದು ನಿಮಿಷಕ್ಕೆ 10 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೆಯ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಭೂಮಿಯ ಆವರ್ತನೆಯಿಂದ ಇಡೀ ಆಕಾಶ ಸೆಕೆಂಡಿಗೇ 15 ಆರ್ಕ್‌ಸೆಕೆಂಡಿನಷ್ಟು ಜರುಗುತ್ತದೆ. ಕಣ್ಣೆದುರೇ ಗೀರಿ ಮಾಯವಾಗುವುದು ಉಲ್ಕೆ. ಧೂಮಕೇತು ರಾತ್ರಿಯಿಡೀ ನಕ್ಷತ್ರಗಳ ಜೊತೆಗೇ ಮೂಡಿ ಮುಳುಗುತ್ತದೆ.

ಈಗ ಶಟರಿನ ಲೆಕ್ಕ. 6 ಮೈಕ್ರಾನ್ ಪಿಕ್ಸೆಲ್‌ಗಳ ಸಂವೇದಕದ ಮುಂದೆ 85 ಮಿ.ಮೀ. ಲೆನ್ಸ್ ಇಟ್ಟರೆ ಒಂದು ಪಿಕ್ಸೆಲ್‌ಗೆ ಸುಮಾರು 15 ಆರ್ಕ್‌ಸೆಕೆಂಡ್ ಬರುತ್ತದೆ. ಅಂದರೆ ಆಕಾಶದ ಸಮಭಾಜಕ ವೃತ್ತದ ಬಳಿಯ ನಕ್ಷತ್ರ ಸೆಕೆಂಡಿಗೆ ಒಂದು ಪಿಕ್ಸೆಲ್ ಸರಿಯುತ್ತದೆ. ಮೂರು ಸೆಕೆಂಡಿಗೆ ಮೂರು ಪಿಕ್ಸೆಲ್ ಸಹ್ಯ, ಹತ್ತು ಸೆಕೆಂಡಿಗೆ ಹತ್ತು ಪಿಕ್ಸೆಲ್ ಕಣ್ಣಿಗೆ ಹೊಡೆಯುತ್ತದೆ. 500ನ್ನು ಲೆನ್ಸಿನ ಮಿ.ಮೀ.ನಿಂದ ಭಾಗಿಸಿದರೆ ಬರುವಷ್ಟು ಸೆಕೆಂಡು ಶಟರ್ ತೆರೆದಿಡಬಹುದು ಎಂಬ ನಿಯಮ ಛಾಯಾಗ್ರಾಹಕರ ಬಾಯಲ್ಲಿದೆ. ಇಂದಿನ ಸೂಕ್ಷ್ಮ ಸಂವೇದಕಗಳಿಗೆ ಅದು ಸಡಿಲವಾಯಿತು, 300ನ್ನು ಭಾಗಿಸಿ. ಎಪಿಎಸ್‌-ಸಿ ಕ್ಯಾಮೆರಾ ಆದರೆ ಬಂದ ಉತ್ತರವನ್ನು ಮತ್ತೆ 1.5ರಿಂದ ಭಾಗಿಸಿ.

ಪ್ರಶ್ನೆ: ನಕ್ಷತ್ರಗಳು ಚೊಕ್ಕವಾಗಿ ಬಂದರೆ ಮುಂದಿನ ಮರ ಮಸುಕಾಗುತ್ತದೆ, ಮರಕ್ಕೆ ಫೋಕಸ್ ಮಾಡಿದರೆ ಧೂಮಕೇತು ಉಬ್ಬಿಕೊಳ್ಳುತ್ತದೆ. ಏನು ಮಾಡಲಿ?

ಉತ್ತರ: ಮರದಿಂದ ಇನ್ನೂ ಹಿಂದಕ್ಕೆ ಹೋಗಿ. 85 ಮಿ.ಮೀ. ಲೆನ್ಸನ್ನು ಎಫ್‌/1.8ರಲ್ಲಿ ಅನಂತಕ್ಕೆ ಫೋಕಸ್ ಮಾಡಿದರೆ ಸುಮಾರು 130 ಮೀಟರಿನಿಂದ ಆಚೆಗಿನದೆಲ್ಲ ಸ್ಪಷ್ಟವಾಗಿ ಬರುತ್ತದೆ. 24 ಮಿ.ಮೀ. ಲೆನ್ಸಿಗೆ ಎಫ್‌/2.8ರಲ್ಲಿ 7 ಮೀಟರ್ ಸಾಕು. ಮೊದಲ ಉತ್ತರದಲ್ಲಿ ಹೇಳಿದ 200 ಮೀಟರ್ ದೂರದ ಮರಕ್ಕೆ ಈ ತೊಂದರೆ ಬಾರದಿರುವುದು ಇದೇ ಕಾರಣಕ್ಕೆ.

ಫೋಕಸ್ ಮಾಡುವ ಕ್ರಮ ಹೀಗೆ. ಆಟೊ ಫೋಕಸ್ ತೆಗೆದುಬಿಡಿ, ಹಿಂದಿನ ಪರದೆಯಲ್ಲಿ ಉಜ್ವಲವಾದ ನಕ್ಷತ್ರವೊಂದನ್ನು ಹತ್ತು ಪಟ್ಟು ಹಿಗ್ಗಿಸಿ ನೋಡುತ್ತಾ ಉಂಗುರವನ್ನು ನಿಧಾನವಾಗಿ ತಿರುಗಿಸಿ. ನಕ್ಷತ್ರ ಕುಗ್ಗುತ್ತಾ ಚುಕ್ಕೆಯಾಗುತ್ತದೆ, ಅಲ್ಲಿಂದ ಮುಂದೆ ತಿರುಗಿಸಿದರೆ ಮತ್ತೆ ಹಿಗ್ಗುತ್ತದೆ. ಅತ್ತಿತ್ತ ಎರಡು ಮೂರು ಸಲ ಹೋಗಿ ಬಂದು ಅತಿ ಸಣ್ಣ ಚುಕ್ಕೆಯ ಜಾಗದಲ್ಲಿ ನಿಲ್ಲಿಸಿ. ಧೂಮಕೇತುವಿನ ತಲೆ ಸ್ವತಃ ಮಸುಕಾದ ವಸ್ತುವಾದ್ದರಿಂದ ಅದನ್ನೇ ನೋಡಿ ಫೋಕಸ್ ಮಾಡಲು ಹೊರಟರೆ ಕೈಗೆ ಸಿಗುವುದಿಲ್ಲ. ಲೆನ್ಸಿನ ಮೇಲೆ ಬರೆದಿರುವ ಅನಂತದ ಗುರುತನ್ನೂ ನಂಬಬೇಡಿ. ಉಂಗುರ ಕದಲದಂತೆ ಒಂದು ತುಂಡು ಟೇಪ್ ಅಂಟಿಸಿ, ಟ್ರೈಪಾಡಿನ ಮೇಲಿರುವಾಗ ಲೆನ್ಸಿನ ಸ್ಟೆಬಿಲೈಸೇಶನ್ ನಿಲ್ಲಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ. ಇಬ್ಬನಿ ಬೀಳುವ ರಾತ್ರಿಗಳಲ್ಲಿ ಆಗಾಗ ಲೆನ್ಸಿನ ಮುಖವನ್ನು ನೋಡುತ್ತಿರಬೇಕು, ಕಣ್ಣಿಗೆ ಕಾಣದಷ್ಟು ತೆಳುವಾದ ತೇವವೂ ಬಾಲವನ್ನು ತಿಂದುಹಾಕುತ್ತದೆ.

ಪ್ರಶ್ನೆ: ಹಲವು ಫ್ರೇಮುಗಳನ್ನು ಒಂದರ ಮೇಲೊಂದು ಜೋಡಿಸಿದರೆ ಚಿತ್ರ ಸ್ವಚ್ಛವಾಗುತ್ತದೆ ಎಂದು ಓದಿ ಪ್ರಯತ್ನಿಸಿದೆ. ಆಕಾಶ ಚೆನ್ನಾಗಿ ಬಂತು, ಬೆಟ್ಟದ ಅಂಚು ಕಲಸಿಹೋಯಿತು. ಎಲ್ಲಿ ತಪ್ಪಿದೆ?

ಉತ್ತರ: ತಂತ್ರಾಂಶ ನಕ್ಷತ್ರಗಳನ್ನು ಒಂದಕ್ಕೊಂದು ಹೊಂದಿಸಿದಾಗ ನೆಲ ಜರುಗುವುದು ಸಹಜ, ಏಕೆಂದರೆ ಟ್ರೈಪಾಡಿಗೆ ಸ್ಥಿರವಾಗಿದ್ದದ್ದು ನೆಲ, ಜರುಗಿದ್ದು ಆಕಾಶ. ಸೀಕ್ವೇಟರ್, ಸ್ಟಾರಿ ಲ್ಯಾಂಡ್‌ಸ್ಕೇಪ್ ಸ್ಟ್ಯಾಕರ್ ಮುಂತಾದ ತಂತ್ರಾಂಶಗಳಲ್ಲಿ ಆಕಾಶದ ಭಾಗವನ್ನು ಗುರುತಿಸಿ ಕೊಟ್ಟರೆ ಎರಡನ್ನೂ ಬೇರೆ ಬೇರೆಯಾಗಿ ಜೋಡಿಸುತ್ತವೆ. 16 ಫ್ರೇಮುಗಳನ್ನು ಸೇರಿಸಿದರೆ ಕಾಳುಕಾಳಾದ ಗದ್ದಲ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಇನ್ನೂ ಅರ್ಧಕ್ಕೆ ಇಳಿಸಬೇಕಾದರೆ 64 ಬೇಕು. ಹೀಗಾಗಿ ಒಂದು ಹಂತದ ಮೇಲೆ ಫ್ರೇಮುಗಳನ್ನು ಪೇರಿಸುವುದರಿಂದ ಹೆಚ್ಚು ಲಾಭವಿಲ್ಲ.

ಹತ್ತು ನಿಮಿಷ ಮೀರಿ ಫ್ರೇಮುಗಳನ್ನು ತೆಗೆದರೆ ಧೂಮಕೇತುವಿನ ಸ್ವಂತ ಚಲನೆಯೂ ಲೆಕ್ಕಕ್ಕೆ ಬರುತ್ತದೆ. ಮೇಲೆ ಹೇಳಿದ ವೇಗದಲ್ಲಿ ಹತ್ತು ನಿಮಿಷಕ್ಕೆ 100 ಆರ್ಕ್‌ಸೆಕೆಂಡ್, ಅಂದರೆ 85 ಮಿ.ಮೀ. ಲೆನ್ಸಿನಲ್ಲಿ ಏಳು ಪಿಕ್ಸೆಲ್. ನಕ್ಷತ್ರಗಳು ಚುಕ್ಕೆಯಾಗಿದ್ದು ಧೂಮಕೇತುವಿನ ತಲೆ ಮಾತ್ರ ಎಳೆದಂತೆ ಕಂಡರೆ ಇದೇ ಕಾರಣ. ಡೀಪ್‌ಸ್ಕೈಸ್ಟ್ಯಾಕರ್‌ನಲ್ಲಿ ಧೂಮಕೇತುವಿನ ತಲೆಯನ್ನೇ ಆಧಾರವಾಗಿಟ್ಟು ಜೋಡಿಸುವ ವ್ಯವಸ್ಥೆಯಿದೆ. ಆದರೆ ಭೂದೃಶ್ಯದ ಚಿತ್ರಕ್ಕೆ ಅಷ್ಟು ದೂರ ಹೋಗುವುದಕ್ಕಿಂತ ನಾಲ್ಕೈದು ನಿಮಿಷದೊಳಗೆ ಫ್ರೇಮುಗಳನ್ನು ಮುಗಿಸುವುದು ಮೇಲು. ಕ್ಯಾಮೆರಾದ ಹೊಂದಾಣಿಕೆ ಹೀಗಿರಲಿ: ಸಂವೇದಕ ಹಿಡಿದದ್ದನ್ನೆಲ್ಲ ಹಾಗೆಯೇ ಉಳಿಸುವ ರಾ ಫೈಲ್, ಸಂವೇದಕದ ಸೂಕ್ಷ್ಮತೆಯನ್ನು ಸೂಚಿಸುವ ಐಎಸ್‌ಒ 1600ರಿಂದ 3200, ಅಪರ್ಚರ್ ಎಫ್‌/2ರ ಆಸುಪಾಸು, ಶಟರ್ ಹಿಂದಿನ ಲೆಕ್ಕದಂತೆ. ಆಕಾಶ ಕಪ್ಪಾದಂತೆ ಇವನ್ನು ಬದಲಾಯಿಸುತ್ತಾ ಹೋಗಿ.

ಪ್ರಶ್ನೆ: ಚಿತ್ರದಲ್ಲಿ ತಲೆ ಹಸಿರಾಗಿ, ಒಂದು ಬಾಲ ನೀಲಿಯಾಗಿ, ಇನ್ನೊಂದು ಹಳದಿಯಾಗಿ ಬಂದಿದೆ. ಬರಿಗಣ್ಣಿಗೆ ಬಿಳಿಚಿಕೊಂಡ ಮಂಜಿನಂತೆ ಮಾತ್ರ ಕಂಡಿತ್ತು. ಈ ಬಣ್ಣಗಳು ನಿಜವೇ?

ಉತ್ತರ: ನಿಜ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಸಂವೇದಕ ಕಳೆದುಕೊಳ್ಳುವುದಿಲ್ಲ. ಹಸಿರು ಬರುವುದು ತಲೆಯ ಸುತ್ತಲಿನ ಅನಿಲದ ಮುಸುಕಿನಲ್ಲಿರುವ, ಎರಡು ಇಂಗಾಲದ ಪರಮಾಣುಗಳು ಕೂಡಿದ ಅಣುವಿನಿಂದ. ಸೂರ್ಯನ ಬೆಳಕು ಆ ಅಣುವನ್ನು ಬೇಗನೆ ಒಡೆದುಹಾಕುವುದರಿಂದ ಹಸಿರು ಬಾಲದವರೆಗೆ ಹರಡುವುದಿಲ್ಲ. ನೀಲಿ ಬಾಲದಲ್ಲಿರುವುದು ವಿದ್ಯುದಂಶ ಪಡೆದ ಕಾರ್ಬನ್ ಮೊನಾಕ್ಸೈಡ್. ಸೌರ ಮಾರುತ ಅದನ್ನು ಸೂರ್ಯನ ವಿರುದ್ಧ ದಿಕ್ಕಿಗೆ ನೆಟ್ಟಗೆ ತಳ್ಳುತ್ತದೆ. ಹಳದಿ ಛಾಯೆಯದು ಸೂರ್ಯನ ಬೆಳಕನ್ನು ಪ್ರತಿಫಲಿಸುವ ಧೂಳು. ಭಾರವಾದ ಕಣಗಳು ಹಿಂದುಳಿಯುವುದರಿಂದ ಅದು ಬಾಗಿಕೊಳ್ಳುತ್ತದೆ. 1997ರ ಹೇಲ್-ಬಾಪ್ ಮತ್ತು 2020ರ ನಿಯೋವೈಸ್ ಧೂಮಕೇತುಗಳಲ್ಲಿ ಈ ಎರಡೂ ಬಾಲಗಳು ಬೇರೆಬೇರೆಯಾಗಿ ಸೊಗಸಾಗಿ ಕಂಡವು.

ಚೌಕಟ್ಟು ಕಟ್ಟುವಾಗಲೂ ಇದನ್ನು ನೆನಪಿಡಿ. ಸೂರ್ಯ ಮುಳುಗಿದ ಜಾಗಕ್ಕೆ ಬೆನ್ನು ಮಾಡಿ ಬಾಲ ಮೇಲಕ್ಕೆ ಚಾಚುವುದರಿಂದ ತಲೆ ಕೆಳಗೆ, ಬಾಲ ಮೇಲೆ ಬರುತ್ತದೆ. ಕ್ಯಾಮೆರಾವನ್ನು ನಿಲುವಾಗಿ ತಿರುಗಿಸಿ, ಕಣ್ಣಿಗೆ ಕಂಡ ಬಾಲದ ಎರಡರಷ್ಟು ಜಾಗವನ್ನು ಮೇಲೆ ಬಿಡಿ. ಕಣ್ಣಿಗೆ ಕಾಣದ ಉದ್ದವನ್ನು ಸಂವೇದಕ ಹಿಡಿಯುತ್ತದೆ. ವೈಟ್ ಬ್ಯಾಲೆನ್ಸನ್ನು 4000 ಕೆಲ್ವಿನ್ ಸುತ್ತ ಇಟ್ಟು, ಮುಂದಿನ ಹದವನ್ನು ರಾ ಫೈಲಿನಲ್ಲಿ ಮಾಡಿಕೊಳ್ಳಿ.

ಪ್ರಶ್ನೆ: ಸಂಜೆಯ ನೀಲಿ ಬೆಳಕಿನಲ್ಲಿ ನೆಲವನ್ನು ತೆಗೆದು, ಆಮೇಲೆ ಕತ್ತಲಾದಾಗ ತೆಗೆದ ಆಕಾಶವನ್ನು ಅದಕ್ಕೆ ಸೇರಿಸಿದರೆ ಅದು ಮೋಸವೇ?

ಉತ್ತರ: ಟ್ರೈಪಾಡನ್ನು ಕದಲಿಸದೆ, ಅದೇ ಲೆನ್ಸಿನಲ್ಲಿ, ಅದೇ ಸಂಜೆ ಎರಡನ್ನೂ ತೆಗೆದಿದ್ದರೆ, ಮತ್ತು ಹಾಗೆ ಮಾಡಿದ್ದೇನೆಂದು ಚಿತ್ರದ ಕೆಳಗೆ ಬರೆದರೆ ಮೋಸವಲ್ಲ. ಸಂವೇದಕದ ಮಿತಿಯನ್ನು ದಾಟುವ ಒಂದು ದಾರಿ ಅದು. ಆದರೆ 200 ಮಿ.ಮೀ. ಲೆನ್ಸಿನಲ್ಲಿ ತೆಗೆದ ಧೂಮಕೇತುವನ್ನು 24 ಮಿ.ಮೀ. ಲೆನ್ಸಿನ ಭೂದೃಶ್ಯದ ಮೇಲೆ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ. ಆ ಬೆಟ್ಟದ ಮೇಲೆ ಆ ರಾತ್ರಿ ಅಷ್ಟು ದೊಡ್ಡ ಧೂಮಕೇತು ಇರಲಿಲ್ಲ. ಆ ಚಿತ್ರ ನೋಡಿದ ಮಗು ಮರುದಿನ ಸಂಜೆ ಹೊರಗೆ ಬಂದು ಅದನ್ನು ಹುಡುಕುತ್ತದೆ, ಕಾಣದೆ ನಿರಾಶೆಯಿಂದ ಒಳಗೆ ಹೋಗುತ್ತದೆ. ಉತ್ತರಕ್ಕೆ ಮುಖ ಮಾಡಿದ ಕಟ್ಟಡದ ಹಿಂದೆ ಪಶ್ಚಿಮದ ಧೂಮಕೇತುವನ್ನು ತಂದಿಡುವುದೂ ಅದೇ ಜಾತಿಯ ಕೆಲಸ. ಹಿಂದಕ್ಕೆ ನಡೆದು, ಉದ್ದನೆಯ ಲೆನ್ಸ್ ಹಾಕಿ ಮುನ್ನೆಲೆ, ಧೂಮಕೇತು ಎರಡನ್ನೂ ನಿಜವಾದ ಪ್ರಮಾಣದಲ್ಲಿಯೇ ದೊಡ್ಡದಾಗಿಸಲು ಸಾಧ್ಯವಿರುವಾಗ ಈ ಅಡ್ಡದಾರಿಯ ಅಗತ್ಯವಾದರೂ ಏನಿದೆ?

ಪ್ರಶ್ನೆ: ನನ್ನಲ್ಲಿ ಮೊಬೈಲ್ ಫೋನ್ ಮಾತ್ರ ಇದೆ. ಪ್ರಯತ್ನಿಸಬಹುದೇ?

ಉತ್ತರ: ಖಂಡಿತ. 2020ರಲ್ಲಿಯೂ 2024ರಲ್ಲಿಯೂ ಮೊಬೈಲಿನಲ್ಲಿ ತೆಗೆದ ಒಳ್ಳೆಯ ಚಿತ್ರಗಳು ಬಂದಿವೆ. ಫೋನನ್ನು ಟ್ರೈಪಾಡಿಗೆ ಕಚ್ಚಿಸಿ ಅಥವಾ ಕಲ್ಲಿಗೆ ಒರಗಿಸಿ, ನೈಟ್ ಮೋಡ್ ಆರಿಸಿ, ಟೈಮರ್ ಹಾಕಿ. ಬೆರಳಿನಿಂದ ಹಿಗ್ಗಿಸಬೇಡಿ, ಪ್ರತ್ಯೇಕ ಟೆಲಿ ಲೆನ್ಸ್ ಇದ್ದರೆ ಅದನ್ನೂ ಪ್ರಯತ್ನಿಸಿ. ಫೋನಿನ ಮುಖ್ಯ ಲೆನ್ಸ್ ಅಗಲವಾಗಿ ನೋಡುವುದರಿಂದ ಧೂಮಕೇತು ಚಿಕ್ಕದಾಗಿಯೇ ಬರುತ್ತದೆ. ಆದ್ದರಿಂದ ನೀರಿನ ಪ್ರತಿಬಿಂಬ, ಆಕಾಶ ನೋಡುತ್ತಾ ನಿಂತ ಮನುಷ್ಯನ ಆಕೃತಿ ಇಂಥದ್ದಕ್ಕೆ ಪ್ರಾಧಾನ್ಯ ಕೊಟ್ಟು ಚೌಕಟ್ಟು ಕಟ್ಟಿ.

ಪ್ರಶ್ನೆ: ಮುಂದಿನ ದೊಡ್ಡ ಧೂಮಕೇತು ಯಾವಾಗ? ಅಲ್ಲಿಯವರೆಗೆ ಏನು ಮಾಡಲಿ?

ಉತ್ತರ: ಹ್ಯಾಲಿ ಧೂಮಕೇತು 2061ರಲ್ಲಿ ಮರಳುತ್ತದೆ ಎಂಬುದು ಖಚಿತ. ಅದಕ್ಕೆ ಮೊದಲು ಬರುವ ಹೊಸ ಧೂಮಕೇತುಗಳ ಬಗ್ಗೆ ಯಾರೂ ಭರವಸೆ ಕೊಡಲಾರರು. 2013ರಲ್ಲಿ ಬಹಳ ನಿರೀಕ್ಷೆ ಹುಟ್ಟಿಸಿದ್ದ ಐಸಾನ್ ಸೂರ್ಯನನ್ನು ಸುತ್ತುವಾಗಲೇ ಚೂರಾಯಿತು. 2020ರ ವಸಂತದಲ್ಲಿ ಅಟ್ಲಾಸ್ ಹೆಸರಿನ ಇನ್ನೊಂದು ಧೂಮಕೇತು ಒಡೆದುಹೋಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ಪತ್ತೆಯಾದ ನಿಯೋವೈಸ್ ಜುಲೈ ಹೊತ್ತಿಗೆ ಬರಿಗಣ್ಣಿಗೆ ಕಾಣುವಂತಾಯಿತು. ಪತ್ತೆಯಾಗುವುದಕ್ಕೂ ಕಾಣುವುದಕ್ಕೂ ನಡುವೆ ಕೆಲವೇ ತಿಂಗಳು, ಕಂಡಮೇಲೆ ಕೆಲವೇ ಸಂಜೆಗಳು ಸಿಗುತ್ತವೆ. ಫೋಕಸ್ ಕಲಿಯಲು ಆ ಸಂಜೆಗಳನ್ನು ವ್ಯಯಿಸಬಾರದು.

ಹಾಗಾಗಿ ಅಭ್ಯಾಸಕ್ಕೆ ಕೃತ್ತಿಕೆಯನ್ನು ಆರಿಸಿಕೊಳ್ಳಿ. ಅದರ ಮುಖ್ಯ ನಕ್ಷತ್ರಗಳು ಸುಮಾರು ಒಂದು ಡಿಗ್ರಿ ಅಗಲದಲ್ಲಿವೆ, ಅದು ಪಶ್ಚಿಮಕ್ಕೆ ಇಳಿಯುವ ತಿಂಗಳುಗಳಲ್ಲಿ ನಿಮಗೆ ಇಷ್ಟವಾದ ಮರವನ್ನೋ ಬೆಟ್ಟವನ್ನೋ ಅದರ ಕೆಳಗೆ ತಂದು ನಿಲ್ಲಿಸಿ, ದೂರದ ಲೆಕ್ಕ, ಫೋಕಸ್, ಫ್ರೇಮುಗಳ ಜೋಡಣೆ ಎಲ್ಲವನ್ನೂ ಒಮ್ಮೆ ಪೂರ್ತಿಯಾಗಿ ಮಾಡಿ ನೋಡಿ. ಪಶ್ಚಿಮ ದಿಗಂತ 5 ಡಿಗ್ರಿಯವರೆಗೂ ತೆರೆದಿರುವ ಜಾಗವೊಂದು, ಪೂರ್ವ ದಿಗಂತ ಹಾಗೆಯೇ ತೆರೆದಿರುವ ಜಾಗವೊಂದು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಮೊದಲೇ ಬರೆದಿಟ್ಟಿರಲಿ. ಧೂಮಕೇತು ಯಾವ ಕಡೆಯಿಂದ ಬಂದರೂ ಆಗ ಜಾಗ ಹುಡುಕುತ್ತಾ ಅಲೆಯಬೇಕಾಗುವುದಿಲ್ಲ.